ಕೆನಡಾದಲ್ಲಿ ತಂತ್ರಜ್ಞಾನ ವೃತ್ತಿ: ನೆಲೆಸಲು ಯಾವ ನಗರ?

ವ್ಯಾಸಂಗಕ್ಕಾಗಿಯೋ ಉದ್ಯೋಗಕ್ಕಾಗಿಯೋ ಮಕ್ಕಳನ್ನು ಕೆನಡಾಕ್ಕೆ ಕಳುಹಿಸುತ್ತಿರುವ ವರ್ತಕರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳು ನಮ್ಮ ಸದಸ್ಯರಲ್ಲಿ ಅನೇಕರಿದ್ದಾರೆ. ಇದು ಸಣ್ಣ ವೆಚ್ಚದ ಬಾಬಲ್ಲ. ಅಧ್ಯಯನ ಪರವಾನಗಿಗೆ ಅರ್ಜಿ ಸಲ್ಲಿಸುವ ಒಬ್ಬ ವಿದ್ಯಾರ್ಥಿಯು ಮೊದಲ ವರ್ಷದ ಬೋಧನಾ ಶುಲ್ಕ ಮತ್ತು ಪ್ರಯಾಣ ವೆಚ್ಚವನ್ನು ಹೊರತುಪಡಿಸಿ, ಜೀವನ ನಿರ್ವಹಣೆಗೆಂದೇ ತೋರಿಸಬೇಕಾದ ಮೊತ್ತವು 2025ರ ಸೆಪ್ಟೆಂಬರ್ 1ರಿಂದ 22,895 ಕೆನಡಾ ಡಾಲರ್ ಎಂದು ನಿಗದಿಯಾಯಿತು. ಇದು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಡುವ ಮೊತ್ತ. ಕ್ವಿಬೆಕ್ ಪ್ರಾಂತ್ಯದ ಲೆಕ್ಕ ಬೇರೆಯೇ ಇದೆ. ನಮ್ಮ ಎಷ್ಟೋ ಮನೆಗಳಲ್ಲಿ ಈ ಹಣ ಅಂಗಡಿಯ ದುಡಿಯುವ ಬಂಡವಾಳದಿಂದ, ಇಲ್ಲವೇ ಕಾರ್ಖಾನೆಯ ವಿಸ್ತರಣೆಗೆಂದು ಕೂಡಿಟ್ಟ ಉಳಿತಾಯದಿಂದ ಹೊರಡುತ್ತದೆ. ಆದರೂ ಒಂದು ಯಂತ್ರ ಕೊಳ್ಳುವ ಮುನ್ನ ನಾಲ್ಕು ಕಡೆ ದರಪಟ್ಟಿ ತರಿಸಿ ತಾಳೆ ನೋಡುವ ಉದ್ಯಮಿಯೇ, ಮಗನೋ ಮಗಳೋ ಹೋಗಿ ನೆಲೆಸಬೇಕಾದ ಊರನ್ನು ಮಾತ್ರ ಯಾವ ಕಾಲೇಜಿನ ಪ್ರವೇಶ ಪತ್ರ ಮೊದಲು ಬಂತು, ಯಾವ ಊರಿನಲ್ಲಿ ಸಂಬಂಧಿಕರಿದ್ದಾರೆ ಎಂಬುದರ ಮೇಲೆ ನಿಶ್ಚಯಿಸುವುದುಂಟು.

ಕೆನಡಾ ವಿಸ್ತಾರದಲ್ಲಿ ಭಾರತಕ್ಕಿಂತ ಮೂರು ಪಟ್ಟು ದೊಡ್ಡದು. ಜನಸಂಖ್ಯೆಯೋ ಕರ್ನಾಟಕದ ಜನಸಂಖ್ಯೆಗಿಂತ ಕಡಿಮೆ. ಟೊರಾಂಟೊದಿಂದ ವ್ಯಾಂಕೂವರ್‌ಗೆ ವಿಮಾನ ಮಾರ್ಗದಲ್ಲಿಯೇ ಮೂರು ಸಾವಿರ ಕಿಲೋಮೀಟರಿಗೂ ಮಿಗಿಲಾದ ದೂರ. ಒಂದು ಊರಿನಲ್ಲಿ ಕೆಲಸ ಕಳೆದುಕೊಂಡವನು ಮರುವಾರ ಇನ್ನೊಂದು ಊರಿನಲ್ಲಿ ಸಂದರ್ಶನಕ್ಕೆ ಹಾಜರಾಗುವುದು ಅಲ್ಲಿ ಸುಲಭವಲ್ಲ. ಆದ್ದರಿಂದ ಊರನ್ನು ಆರಿಸುವಾಗ ಮೊದಲ ಕೆಲಸದ ಸಂಬಳಕ್ಕಿಂತಲೂ, ಆ ಕೆಲಸ ಹೋದರೆ ಮನೆ ಬದಲಾಯಿಸದೆ ಎರಡನೆಯ ಕೆಲಸ ಸಿಕ್ಕೀತೇ ಎಂಬುದನ್ನು ವಿಚಾರಿಸಬೇಕು ಎಂಬುದು ಈ ಲೇಖಕನ ಅಭಿಪ್ರಾಯ. ಒಬ್ಬನೇ ಗಿರಾಕಿಯನ್ನು ನಂಬಿದ ಬಿಡಿಭಾಗ ತಯಾರಿಕಾ ಘಟಕದ ಪಾಡು ಏನಾಗುತ್ತದೆಂಬುದು ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ. ಕೆನಡಾದ ಎರಡು ನಗರಗಳು ಅದೇ ಪಾಡನ್ನು ಅನುಭವಿಸಿವೆ.

ಒಟ್ಟಾವಾ ಮತ್ತು ವಾಟರ್‌ಲೂ

ದೇಶದ ರಾಜಧಾನಿಯಾದ ಒಟ್ಟಾವಾ ಒಂದು ಕಾಲಕ್ಕೆ ದೂರಸಂಪರ್ಕ ಯಂತ್ರೋಪಕರಣಗಳ ಸಂಶೋಧನೆಗೆ ಹೆಸರಾಗಿತ್ತು. ಅದರ ಕೇಂದ್ರದಲ್ಲಿದ್ದುದು ನಾರ್ಟೆಲ್ ಕಂಪನಿ. 2000ದ ಇಸವಿಯಲ್ಲಿ ಟೊರಾಂಟೊ ಷೇರು ವಿನಿಮಯ ಕೇಂದ್ರದ ಒಟ್ಟು ಮೌಲ್ಯದ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಪಾಲು ಈ ಒಂದೇ ಕಂಪನಿಯದಾಗಿತ್ತು. ಅದೇ ವರ್ಷ 124 ಡಾಲರ್‌ವರೆಗೆ ಏರಿದ್ದ ಅದರ ಷೇರು 2002ರಲ್ಲಿ ಒಂದು ಡಾಲರಿಗಿಂತ ಕೆಳಗೆ, 47 ಸೆಂಟಿಗೆ ಇಳಿಯಿತು. 2009ರ ಜನವರಿ 14ರಂದು ಕಂಪನಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ನಿವೃತ್ತ ನೌಕರರ ಪಿಂಚಣಿಗೂ ಕತ್ತರಿ ಬಿತ್ತು. ಒಟ್ಟಾವಾದಲ್ಲಿದ್ದ ಅದರ ವಿಶಾಲ ಸಂಶೋಧನಾ ಆವರಣವನ್ನು 2010ರಲ್ಲಿ ಕೇಂದ್ರ ಸರ್ಕಾರ ಕೊಂಡು ರಕ್ಷಣಾ ಇಲಾಖೆಯ ಕಚೇರಿಗಳಿಗೆ ಬಳಸಿಕೊಂಡಿತು.

ಇಷ್ಟಾದರೂ ಒಟ್ಟಾವಾ ಪಾಳುಬೀಳಲಿಲ್ಲ. ನಾರ್ಟೆಲ್‌ನ ವಿಭಾಗಗಳನ್ನು ಎರಿಕ್ಸನ್, ಸಿಯೆನಾ ಮುಂತಾದ ಕಂಪನಿಗಳು ಹರಾಜಿನಲ್ಲಿ ಕೊಂಡವು. ಅವುಗಳೊಂದಿಗೆ ಒಂದಷ್ಟು ಎಂಜಿನಿಯರುಗಳೂ ಹೋದರು. ನಗರದ ಪಶ್ಚಿಮ ಭಾಗದ ಕನಾಟಾ ಬಡಾವಣೆಯಲ್ಲಿ ದೂರಸಂಪರ್ಕ ಕೆಲಸ ಮುಂದುವರಿಯಿತು. ಇಷ್ಟರಲ್ಲಿ ಅದೇ ಊರಿನಲ್ಲಿ ಬೇರೊಂದು ಬೀಜ ಮೊಳೆತಿತ್ತು. ಹಿಮದ ಮೇಲೆ ಜಾರುವ ಹಲಗೆಗಳನ್ನು ಅಂತರ್ಜಾಲದಲ್ಲಿ ಮಾರಲು 2004ರಲ್ಲಿ ಅಂಗಡಿ ತೆರೆದ ಟೋಬಿ ಲುಟ್ಕೆ ಮತ್ತು ಸಂಗಡಿಗರಿಗೆ ಆಗ ಲಭ್ಯವಿದ್ದ ಮಾರಾಟದ ತಂತ್ರಾಂಶ ಯಾವುದೂ ಹಿಡಿಸಲಿಲ್ಲ. ತಾವೇ ಬರೆದುಕೊಂಡರು. ಹಲಗೆಗಳಿಗಿಂತ ತಂತ್ರಾಂಶಕ್ಕೇ ಬೇಡಿಕೆ ಹೆಚ್ಚೆಂದು ಕಂಡು 2006ರಲ್ಲಿ ಅದನ್ನೇ ಇತರ ವರ್ತಕರಿಗೆ ಒದಗಿಸತೊಡಗಿದರು. ಅದೇ ಇಂದಿನ ಶಾಪಿಫೈ. ಅಂಗಡಿಕಾರರೇ ಕಟ್ಟಿದ ತಂತ್ರಜ್ಞಾನ ಕಂಪನಿ ಎಂಬ ಕಾರಣಕ್ಕೆ ನಮ್ಮ ಓದುಗರು ಈ ಹೆಸರನ್ನು ನೆನಪಿಡಬಹುದು. ಆದರೆ 2020ರಲ್ಲಿ ಆ ಕಂಪನಿ ನೌಕರರು ಎಲ್ಲಿಂದಲಾದರೂ ದುಡಿಯಬಹುದೆಂದು ಘೋಷಿಸಿದ್ದರಿಂದ, ಶಾಪಿಫೈಗಾಗಿಯೇ ಒಟ್ಟಾವಾಕ್ಕೆ ಹೋಗುವ ಅಗತ್ಯ ಉಳಿಯಲಿಲ್ಲ. 2022 ಮತ್ತು 2023ರಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ನೌಕರರನ್ನು ಕಡಿತಗೊಳಿಸಿತು ಎಂಬುದೂ ದಾಖಲಾರ್ಹ.

ಒಟ್ಟಾವಾದ ನಿಜವಾದ ದೊಡ್ಡ ಉದ್ಯೋಗದಾತ ಕೇಂದ್ರ ಸರ್ಕಾರ. ಅಲ್ಲಿನ ಹುದ್ದೆಗಳಿಗೆ ಭದ್ರತಾ ಪರಿಶೀಲನೆ ನಡೆಯುತ್ತದೆ. ಹಲವಕ್ಕೆ ಇಂಗ್ಲಿಷಿನೊಡನೆ ಫ್ರೆಂಚ್ ಭಾಷೆಯೂ ಬೇಕು. ಹೊಸದಾಗಿ ಬಂದವನಿಗೆ ಆ ಬಾಗಿಲು ಕೂಡಲೇ ತೆರೆಯುವುದಿಲ್ಲ. ಖಾಯಂ ನಿವಾಸ ದೊರೆತು ನೆಲೆನಿಂತವನಿಗೆ ಅದು ಒಳ್ಳೆಯ ಆಸರೆ. ತುಮಕೂರು ಜಿಲ್ಲೆಯ ಸಿರಾ ತಾಲೂಕಿನವರಾದ ಚಂದ್ರ ಆರ್ಯ ಅವರು 2015ರಿಂದ 2025ರವರೆಗೆ ಸಂಸತ್ತಿನಲ್ಲಿ ಪ್ರತಿನಿಧಿಸಿದ ನೇಪಿಯನ್ ಕ್ಷೇತ್ರ ಈ ನಗರದ ಭಾಗವೇ ಆಗಿದೆ. 2022ರ ಮೇ ತಿಂಗಳಲ್ಲಿ ಅವರು ಆ ಸದನದಲ್ಲಿ ಕನ್ನಡದಲ್ಲಿ ಮಾತನಾಡಿದ್ದು ಅನೇಕರ ನೆನಪಿನಲ್ಲಿರಬಹುದು.

ವಾಟರ್‌ಲೂ ಕಥೆ ಇದಕ್ಕೆ ಸಮೀಪದ್ದು. ಟೊರಾಂಟೊಗೆ ಪಶ್ಚಿಮದಲ್ಲಿ ಸುಮಾರು 110 ಕಿಲೋಮೀಟರ್ ದೂರದ ಈ ಊರಿನಲ್ಲಿ 1984ರಲ್ಲಿ ಆರಂಭವಾದ ರಿಸರ್ಚ್ ಇನ್ ಮೋಷನ್ ಕಂಪನಿ ಬ್ಲ್ಯಾಕ್‌ಬೆರಿ ಎಂಬ ಕೈಫೋನಿನಿಂದ ಜಗದ್ವಿಖ್ಯಾತವಾಯಿತು. 2007ರಲ್ಲಿ ಆಪಲ್ ಕಂಪನಿಯ ಐಫೋನ್ ಬಂದ ಬಳಿಕ ಅದರ ಮಾರುಕಟ್ಟೆ ಕುಸಿಯುತ್ತ ಹೋಗಿ, 2013ರ ಸೆಪ್ಟೆಂಬರಿನಲ್ಲಿ 4,500 ಮಂದಿಯನ್ನು, ಅಂದರೆ ಉಳಿದಿದ್ದ ನೌಕರರಲ್ಲಿ ಸುಮಾರು ಶೇ. 40ರಷ್ಟನ್ನು, ಬಿಡುಗಡೆ ಮಾಡುವುದಾಗಿ ಕಂಪನಿ ಪ್ರಕಟಿಸಿತು. ಆರು ಲಕ್ಷವೂ ತುಂಬದ ಜನಸಂಖ್ಯೆಯ ಪ್ರದೇಶಕ್ಕೆ ಇದು ದೊಡ್ಡ ಆಘಾತ. ಊರನ್ನು ಉಳಿಸಿದ್ದು 1957ರಲ್ಲಿ ಸ್ಥಾಪನೆಯಾದ ವಾಟರ್‌ಲೂ ವಿಶ್ವವಿದ್ಯಾಲಯ. ಅಲ್ಲಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಒಂದು ಅವಧಿ ತರಗತಿಯಲ್ಲಿ, ಮತ್ತೊಂದು ಅವಧಿ ಕಂಪನಿಯಲ್ಲಿ ಸಂಬಳ ಪಡೆದು ಕೆಲಸ ಮಾಡುತ್ತ ಪದವಿ ಮುಗಿಸುತ್ತಾರೆ. ಇಂತಹ ಕೈಗಳು ಸಿಗುವ ಕಡೆಗೆ ಕಂಪನಿಗಳು ತಾವಾಗಿಯೇ ಬರುತ್ತವೆ. ನೆರೆಯ ಕಿಚನರ್ ಪಟ್ಟಣದಲ್ಲಿ ಹಳೆಯ ಚರ್ಮ ಹದಮಾಡುವ ಕಾರ್ಖಾನೆಯ ಕಟ್ಟಡ ಹೊಸ ಕಂಪನಿಗಳ ತಾಣವಾಯಿತು. ಹಳೆಯ ರಬ್ಬರ್ ಕಾರ್ಖಾನೆಯೊಂದರಲ್ಲಿ ಗೂಗಲ್ ಕಚೇರಿ ನೆಲೆಯೂರಿತು. ಮುಚ್ಚಿದ ಗಿರಣಿಗಳ ಜಾಗ ಏನಾಗಬೇಕೆಂದು ಚಿಂತಿಸುವ ನಮ್ಮ ಊರುಗಳಿಗೂ ಇದರಲ್ಲಿ ನೋಡತಕ್ಕದ್ದು ಇದೆ.

ಈ ಭಾಗದ ಬಗ್ಗೆ ಇನ್ನೊಂದು ಮಾತು. ತಂತ್ರಜ್ಞಾನವೆಂದರೆ ತಂತ್ರಾಂಶ ಎಂದಷ್ಟೇ ತಿಳಿಯಬಾರದು. ಪಕ್ಕದ ಕೇಂಬ್ರಿಜ್‌ನಲ್ಲಿ 1988ರಿಂದ ಟೊಯೊಟಾ ಕಾರ್ಖಾನೆಯಿದೆ. ಸ್ವಯಂಚಾಲಿತ ಜೋಡಣಾ ಯಂತ್ರಗಳನ್ನು ತಯಾರಿಸುವ ಎಟಿಎಸ್ ಕಂಪನಿಯೂ ಅಲ್ಲಿಯೇ. ತಂದೆಯ ಕಾರ್ಖಾನೆಯಲ್ಲಿ ಸಿಎನ್‌ಸಿ ಯಂತ್ರದ ಮುಂದೆ ನಿಂತು ಬೆಳೆದ ಮೆಕ್ಯಾನಿಕಲ್ ಎಂಜಿನಿಯರಿಗೆ ವ್ಯಾಂಕೂವರ್‌ಗಿಂತ ದಕ್ಷಿಣ ಒಂಟಾರಿಯೊ ಹೆಚ್ಚು ಒಗ್ಗುತ್ತದೆ. ಆದರೆ 2025ರ ಏಪ್ರಿಲ್‌ನಲ್ಲಿ ಅಮೆರಿಕವು ಆಮದು ಕಾರುಗಳ ಮೇಲೆ ಶೇ. 25ರ ಸುಂಕ ವಿಧಿಸಿದ ಮೇಲೆ ವಾಹನೋದ್ಯಮದಲ್ಲಿ ಅನಿಶ್ಚಿತತೆ ಮೂಡಿದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೂರು ಮಹಾನಗರಗಳು

2021ರ ಜನಗಣತಿಯ ಪ್ರಕಾರ ಟೊರಾಂಟೊ ಮಹಾನಗರ ಪ್ರದೇಶದ ಜನಸಂಖ್ಯೆ ಸುಮಾರು 62 ಲಕ್ಷ. ಕೆನಡಾದ ಐದು ದೊಡ್ಡ ಬ್ಯಾಂಕುಗಳ ಆಡಳಿತ ನಡೆಯುವುದು ಇಲ್ಲಿನ ಬೇ ಸ್ಟ್ರೀಟ್ ಸುತ್ತಮುತ್ತಲಿನಿಂದ. ವಿಮಾ ಕಂಪನಿಗಳು, ಚಿಲ್ಲರೆ ಮಾರಾಟ ಸರಣಿಗಳು, ಆಸ್ಪತ್ರೆಗಳು, ಅಮೆರಿಕದ ತಂತ್ರಜ್ಞಾನ ಸಂಸ್ಥೆಗಳ ಶಾಖೆಗಳು ಎಲ್ಲವೂ ಇಲ್ಲಿವೆ. ಯುವಕರ ಕಣ್ಣು ಸಾಮಾನ್ಯವಾಗಿ ಕೃತಕ ಬುದ್ಧಿಮತ್ತೆಯ ಕಡೆಗಿರುತ್ತದೆ. 2024ರಲ್ಲಿ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡ ಜೆಫ್ರಿ ಹಿಂಟನ್ ಟೊರಾಂಟೊ ವಿಶ್ವವಿದ್ಯಾಲಯದವರು, ವೆಕ್ಟರ್ ಸಂಸ್ಥೆ 2017ರಲ್ಲಿ ಇಲ್ಲಿಯೇ ಸ್ಥಾಪನೆಯಾಯಿತು. ಇವೆಲ್ಲ ಸರಿ. ಆದರೆ ಸಾಮಾನ್ಯ ಪ್ರತಿಭೆಯ, ಶ್ರಮಜೀವಿಯಾದ ಎಂಜಿನಿಯರಿಗೆ ಅನ್ನ ಕೊಡುವುದು ಬ್ಯಾಂಕುಗಳ ತಾಂತ್ರಿಕ ವಿಭಾಗಗಳು. ಆ ಕೆಲಸದಲ್ಲಿ ಮೆರುಗು ಕಡಿಮೆ, ಬೇಡಿಕೆ ನಿರಂತರ. ಒಂದು ಬ್ಯಾಂಕು ಬಿಟ್ಟವನು ರಸ್ತೆ ದಾಟಿ ಇನ್ನೊಂದಕ್ಕೆ ಸೇರಬಹುದು. ಈ ಒಂದು ಅನುಕೂಲ ಬೇರಾವ ಕೆನಡಾ ನಗರದಲ್ಲಿಯೂ ಇಷ್ಟರಮಟ್ಟಿಗೆ ಇಲ್ಲ. ಅದೇ ಕಾರಣಕ್ಕೆ ಹೊಸಬರೆಲ್ಲರೂ ಅಲ್ಲಿಗೇ ನುಗ್ಗುತ್ತಾರೆ. ಒಂದೊಂದು ಹುದ್ದೆಗೂ ಪೈಪೋಟಿ ತೀವ್ರ. ಬಾಡಿಗೆ ತಾಳಲಾರದೆ ಬ್ರಾಂಪ್ಟನ್, ಮಿಸಿಸಾಗಾ ಕಡೆ ಮನೆ ಹಿಡಿದವರ ದಿನದ ಎರಡು ಮೂರು ಗಂಟೆ ಪ್ರಯಾಣದಲ್ಲಿಯೇ ಕಳೆದುಹೋಗುತ್ತದೆ.

ವ್ಯಾಂಕೂವರ್ ಅಮೆರಿಕದ ಸಿಯಾಟಲ್ ನಗರದ ನೆರೆಯಲ್ಲಿದೆ. ನಡುವೆ ಗಡಿ, ಮೂರು ಗಂಟೆಯ ರಸ್ತೆ. ಮೈಕ್ರೊಸಾಫ್ಟ್ 2007ರಲ್ಲಿ ಇಲ್ಲಿ ಅಭಿವೃದ್ಧಿ ಕೇಂದ್ರ ತೆರೆಯುವಾಗ, ಅಮೆರಿಕದ ವೀಸಾ ಮಿತಿಯಿಂದ ತೊಂದರೆಗೊಳಗಾದ ಪರಿಣತರನ್ನು ನೇಮಿಸಿಕೊಳ್ಳುವುದೂ ಅದರ ಉದ್ದೇಶಗಳಲ್ಲಿ ಒಂದೆಂದು ಬಹಿರಂಗವಾಗಿಯೇ ಹೇಳಿತ್ತು. ಅಮೆಜಾನ್ ಕೂಡ ಅಲ್ಲಿ ಸಾವಿರಾರು ಮಂದಿಯನ್ನು ನೇಮಿಸಿಕೊಂಡಿದೆ. ವಿಡಿಯೊ ಆಟಗಳು ಮತ್ತು ಚಲನಚಿತ್ರಗಳ ದೃಶ್ಯ ಪರಿಣಾಮದ ಕೆಲಸಕ್ಕೂ ಊರು ಹೆಸರಾಗಿದೆ. ಹವೆ ಹಿತಕರ, ಹಿಮ ಕಡಿಮೆ, ಮಳೆ ಧಾರಾಳ. ಆದರೆ ಸಿಯಾಟಲ್‌ನಲ್ಲಿ ಕೈಗೊಂಡ ನಿರ್ಣಯದಿಂದ ತೆರೆದ ಕಚೇರಿ, ಸಿಯಾಟಲ್‌ನ ನಿರ್ಣಯದಿಂದಲೇ ಕುಗ್ಗಲೂಬಹುದು. ದೇಶದಲ್ಲಿಯೇ ದುಬಾರಿ ಮನೆ ಬಾಡಿಗೆಯನ್ನು ಇದಕ್ಕೆ ಸೇರಿಸಿ ನೋಡಿದರೆ, ದೊಡ್ಡ ಕಂಪನಿಯ ನೇಮಕ ಪತ್ರ ಕೈಯಲ್ಲಿದ್ದವರಿಗೆ ಮಾತ್ರ ಈ ನಗರ ಯುಕ್ತವೆನಿಸುತ್ತದೆ.

ಮಾಂಟ್ರಿಯಲ್‌ನ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಭಾಷೆಯದು. ಅಲ್ಲಿ ಬಾಡಿಗೆ ಅಗ್ಗ, ವಿಶ್ವವಿದ್ಯಾಲಯಗಳು ಉತ್ತಮ. ಪ್ರಾಂತೀಯ ಸರ್ಕಾರದ ಸಹಾಯಧನದಿಂದ 1997ರಲ್ಲಿ ಬಂದ ಯೂಬಿಸಾಫ್ಟ್ ಕಂಪನಿ ವಿಡಿಯೊ ಆಟಗಳ ಒಂದು ಉದ್ಯಮವನ್ನೇ ಅಲ್ಲಿ ಬೆಳೆಸಿತು. ಹಿಂಟನ್ ಅವರೊಂದಿಗೆ 2018ರ ಟ್ಯೂರಿಂಗ್ ಪ್ರಶಸ್ತಿ ಪಡೆದ ಯೋಶುವಾ ಬೆಂಜಿಯೊ ಸ್ಥಾಪಿಸಿದ ಮಿಲಾ ಸಂಸ್ಥೆಯೂ ಇಲ್ಲಿದೆ. ಬೆಂಗಳೂರಿನಲ್ಲಿಯೂ ದೊಡ್ಡ ಕಚೇರಿಯುಳ್ಳ ಸಿಜಿಐ ಕಂಪನಿಯ ಕೇಂದ್ರ ಕಾರ್ಯಾಲಯ ಇದೇ ಊರು. ಆದರೆ ಕೆಲಸದ ಸ್ಥಳದ ಭಾಷೆ ಫ್ರೆಂಚ್ ಆಗಿರಬೇಕೆಂದು 1977ರ ಕಾನೂನು ವಿಧಿಸುತ್ತದೆ. 2022ರಲ್ಲಿ ಅದನ್ನು ಬಿಗಿಗೊಳಿಸಲಾಯಿತು. 2025ರ ಜೂನ್ 1ರಿಂದ 25 ನೌಕರರಿರುವ ಸಣ್ಣ ಸಂಸ್ಥೆಯೂ ಭಾಷಾ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಬೇಕಾಗಿದೆ. ವಲಸಿಗರ ಆಯ್ಕೆಯಲ್ಲಿಯೂ 1991ರ ಒಪ್ಪಂದದ ಮೇರೆಗೆ ಕ್ವಿಬೆಕ್ ತನ್ನದೇ ಕ್ರಮ ಅನುಸರಿಸುತ್ತದೆ. ಇಂಗ್ಲಿಷಿನಿಂದಲೇ ಕಾಲ ತಳ್ಳುವೆನೆನ್ನುವವರಿಗೆ ಅಲ್ಲಿ ಓದು ಮುಗಿಯುವವರೆಗೆ ಕಷ್ಟವಾಗದು. ನೆಲೆಸಲು ಹೊರಟಾಗ ಗೋಡೆ ಎದುರಾಗುತ್ತದೆ.

ಆಲ್ಬರ್ಟಾದ ಎರಡು ನಗರಗಳು

ಕ್ಯಾಲ್ಗರಿ ತೈಲ ಕಂಪನಿಗಳ ಊರು. 2014ರಲ್ಲಿ ಕಚ್ಚಾ ತೈಲದ ಬೆಲೆ ಕುಸಿದ ಮೇಲೆ ಊರ ನಡುವಿನ ಗಗನಚುಂಬಿ ಕಟ್ಟಡಗಳಲ್ಲಿ ಕಚೇರಿಗಳು ಮಹಡಿ ಮಹಡಿಯಾಗಿ ಖಾಲಿ ಬಿದ್ದವು. ಬೇರೆ ಉದ್ಯಮಗಳನ್ನು ಕರೆತರಬೇಕೆಂಬ ನಗರದ ಹಟ ಆಗ ಹುಟ್ಟಿತು. ಬೆಂಗಳೂರಿನ ಇನ್ಫೋಸಿಸ್ ಮತ್ತು ಎಂಫಸಿಸ್ ಎರಡೂ 2021ರಲ್ಲಿ ಕ್ಯಾಲ್ಗರಿಯಲ್ಲಿ ಕೇಂದ್ರ ತೆರೆಯುವ ಯೋಜನೆ ಪ್ರಕಟಿಸಿದವು. ಇಲ್ಲಿಯೇ ಇಂತಹ ಕಂಪನಿಯಲ್ಲಿ ಒಂದೆರಡು ವರ್ಷ ದುಡಿದು, ಅದರ ಮೂಲಕವೇ ಕೆನಡಾಕ್ಕೆ ವರ್ಗಾವಣೆ ಪಡೆಯುವ ದಾರಿಯನ್ನು ಬೋಧನಾ ಶುಲ್ಕ ಕಟ್ಟುವ ಮುನ್ನ ಒಮ್ಮೆ ಪರಿಶೀಲಿಸುವುದು ಲೇಸು. ಅದರಲ್ಲಿ ಮನೆಯ ಬಂಡವಾಳ ತೊಡಗುವುದಿಲ್ಲ.

ಆಲ್ಬರ್ಟಾದಲ್ಲಿ ಪ್ರಾಂತೀಯ ಮಾರಾಟ ತೆರಿಗೆಯಿಲ್ಲ. ಕೊಳ್ಳುವ ಸರಕಿಗೆ ಕೇಂದ್ರದ ಶೇ. 5 ಮಾತ್ರ. ಒಂಟಾರಿಯೊದಲ್ಲಿ ಇದು ಶೇ. 13, ಬ್ರಿಟಿಷ್ ಕೊಲಂಬಿಯಾದಲ್ಲಿ ಎರಡೂ ಸೇರಿ ಶೇ. 12, ಕ್ವಿಬೆಕ್‌ನಲ್ಲಿ ಸುಮಾರು ಶೇ. 15. ಇನ್ನೂ ಉತ್ತರಕ್ಕಿರುವ ಎಡ್ಮಂಟನ್ ಮತ್ತಷ್ಟು ಅಗ್ಗದ ಊರು. ಅಲ್ಲಿನ ವಿಶ್ವವಿದ್ಯಾಲಯದ ರಿಚರ್ಡ್ ಸಟನ್ 2024ನೇ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಹಂಚಿಕೊಂಡರು. ಎರಡೂ ಊರುಗಳಲ್ಲಿ ಶೂನ್ಯಕ್ಕಿಂತ ಮೂವತ್ತು ಡಿಗ್ರಿ ಕೆಳಗಿಳಿಯುವ ಚಳಿಯನ್ನು ಸಹಿಸಬೇಕು. ಉದ್ಯೋಗದಾತರ ಸಂಖ್ಯೆ ಟೊರಾಂಟೊಗಿಂತ ಬಹಳ ಕಡಿಮೆ, ತೈಲದ ಏರಿಳಿತದ ನೆರಳು ಈಗಲೂ ಉಂಟು. ಆದರೂ ಮೂರು ನಾಲ್ಕು ವರ್ಷದ ಅನುಭವವಿದ್ದು, ಸಂಸಾರ ಹೂಡಿ ಉಳಿತಾಯ ಮಾಡಬೇಕೆನ್ನುವವರಿಗೆ ಕ್ಯಾಲ್ಗರಿಯನ್ನು ಈ ಲೇಖಕ ಎರಡನೆಯ ಸ್ಥಾನದಲ್ಲಿಡುತ್ತಾನೆ. ಅನುಭವವಿಲ್ಲದ ಹೊಸ ಪದವೀಧರನಿಗೆ ಟೊರಾಂಟೊ ಮತ್ತು ವಾಟರ್‌ಲೂ ನಡುವಿನ ಪಟ್ಟಿಯೇ ಮೊದಲನೆಯದು.

ಕಾಗದಪತ್ರಗಳ ಲೆಕ್ಕ

ನಗರದ ಆಯ್ಕೆ ಪರವಾನಗಿಯ ನಿಯಮಗಳಿಂದಲೂ ನಿರ್ಧಾರವಾಗುತ್ತದೆ. 2024ರಿಂದ ಕೆನಡಾ ಸರ್ಕಾರ ವಿದೇಶಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿ, ಆ ಮಿತಿಯನ್ನು ಪ್ರಾಂತ್ಯಗಳಿಗೆ ಹಂಚಿತು. 2024ರ ನವೆಂಬರ್ 1ರ ನಂತರ ಅಧ್ಯಯನ ಪರವಾನಗಿಗೆ ಅರ್ಜಿ ಹಾಕಿದವರಲ್ಲಿ, ಕಾಲೇಜುಗಳ ಡಿಪ್ಲೊಮಾ ಓದುವವರಿಗೆ ನಿಗದಿತ ವಿಷಯಗಳಲ್ಲಿ ಮಾತ್ರ ಓದಿನ ನಂತರದ ಕೆಲಸದ ಪರವಾನಗಿ ದೊರೆಯುತ್ತದೆ. ವಿಶ್ವವಿದ್ಯಾಲಯದ ಪದವಿ ಹಾಗೂ ಸ್ನಾತಕೋತ್ತರ ಪದವಿಗೆ ಈ ವಿಷಯದ ನಿರ್ಬಂಧವಿಲ್ಲ. ದಲ್ಲಾಳಿ ತೋರಿಸುವ ಅಗ್ಗದ ಖಾಸಗಿ ಕಾಲೇಜಿನ ಪ್ರವೇಶ ಪತ್ರಕ್ಕೆ ಹಣ ಕಟ್ಟುವ ಮೊದಲು, ಆ ಕಾಲೇಜು ಮತ್ತು ಆ ಪಾಠಕ್ರಮ ಕೆಲಸದ ಪರವಾನಗಿಗೆ ಅರ್ಹವೇ ಎಂಬುದನ್ನು ಕೆನಡಾ ಸರ್ಕಾರದ ಪಟ್ಟಿಯಲ್ಲಿಯೇ ನೋಡಿ ಖಚಿತಪಡಿಸಿಕೊಳ್ಳಬೇಕು. ಮನೆಯ ಹಣ ಹೆಚ್ಚಾಗಿ ಮುಳುಗುವುದು ಈ ಹಂತದಲ್ಲಿಯೇ.

ಖಾಯಂ ನಿವಾಸಕ್ಕೆ 2015ರಲ್ಲಿ ಆರಂಭವಾದ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಅಂಕಗಳ ಪದ್ಧತಿಯಿದೆ. ಇದರಲ್ಲಿ ಪ್ರಾಂತ್ಯವೊಂದರ ನಾಮನಿರ್ದೇಶನಕ್ಕೆ 600 ಅಂಕ. ಉದ್ಯೋಗ ನೇಮಕಾತಿಗೆ ಕೊಡುತ್ತಿದ್ದ ಹೆಚ್ಚುವರಿ ಅಂಕಗಳನ್ನು 2025ರ ಮಾರ್ಚ್ 25ರಿಂದ ತೆಗೆದುಹಾಕಲಾಯಿತು. ಅದಕ್ಕೂ ಮುನ್ನ, ಅದೇ ವರ್ಷದ ಫೆಬ್ರವರಿಯಲ್ಲಿ, ವಿಜ್ಞಾನ ಮತ್ತು ತಂತ್ರಜ್ಞಾನ ವರ್ಗದ ವಿಶೇಷ ಆಯ್ಕೆಯ ಪಟ್ಟಿಯಿಂದ ತಂತ್ರಾಂಶ ಎಂಜಿನಿಯರುಗಳನ್ನು ಕೈಬಿಟ್ಟು, ಮೆಕ್ಯಾನಿಕಲ್ ಎಂಜಿನಿಯರುಗಳಿಗೆ ಜಾಗ ಕೊಡಲಾಗಿತ್ತು. ಫ್ರೆಂಚ್ ಬಲ್ಲವರಿಗೆ 2023ರಿಂದ ಪ್ರತ್ಯೇಕ ಆಯ್ಕೆ ನಡೆಯುತ್ತಿದ್ದು, ಕಡಿಮೆ ಅಂಕಕ್ಕೂ ಕರೆ ಬಂದಿದೆ. ಇದು ಕ್ವಿಬೆಕ್‌ನ ಹೊರಗೆ ನೆಲೆಸುವವರಿಗೇ ಇರುವ ವ್ಯವಸ್ಥೆ ಎಂಬುದು ಸ್ವಾರಸ್ಯಕರ: ಫ್ರೆಂಚ್ ಕಲಿತರೆ ಟೊರಾಂಟೊದಲ್ಲಿಯೂ ಕ್ಯಾಲ್ಗರಿಯಲ್ಲಿಯೂ ಅದರ ಫಲ ಸಿಗುತ್ತದೆ. ಈ ಪಟ್ಟಿಗಳು ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ದಿನ ಮೂಲ ಪ್ರಕಟಣೆಯನ್ನೇ ಓದಬೇಕು.

ಮನೆಯ ವಿಚಾರ

ಮಗನಿಗಾಗಿ ಅಲ್ಲೊಂದು ಮನೆ ಕೊಂಡುಬಿಡೋಣ, ಬಾಡಿಗೆಯೂ ಉಳಿಯಿತು, ಆಸ್ತಿಯೂ ಆಯಿತು ಎಂದು ಯೋಚಿಸುವ ಸದಸ್ಯರು ಇದ್ದಾರೆ. ಕೆನಡಿಯನ್ನರಲ್ಲದವರು ನಗರ ಪ್ರದೇಶಗಳಲ್ಲಿ ವಾಸದ ಮನೆ ಕೊಳ್ಳುವುದನ್ನು 2023ರ ಜನವರಿ 1ರಿಂದ ನಿಷೇಧಿಸಲಾಗಿದ್ದು, ಈ ನಿಷೇಧವನ್ನು 2027ರ ಜನವರಿ 1ರವರೆಗೆ ವಿಸ್ತರಿಸಲಾಯಿತು. ಕೆಲಸದ ಪರವಾನಗಿ ಉಳ್ಳವರಿಗೆ ಕೆಲವು ಷರತ್ತಿನ ವಿನಾಯಿತಿಗಳಿವೆ. ಇಲ್ಲಿ ಕುಳಿತ ತಂದೆಗೆ ಅವು ಅನ್ವಯಿಸುವುದಿಲ್ಲ.

ಹೀಗಾಗಿ ಬಾಡಿಗೆಯೇ ಗತಿ. ಕೆನಡಾದ ವಸತಿ ನಿಗಮದ ಸಮೀಕ್ಷೆಯಂತೆ 2023ರ ಅಕ್ಟೋಬರ್‌ನಲ್ಲಿ ಎರಡು ಮಲಗುವ ಕೋಣೆಗಳ ಮನೆಯ ಸರಾಸರಿ ತಿಂಗಳ ಬಾಡಿಗೆ ವ್ಯಾಂಕೂವರ್‌ನಲ್ಲಿ ಸುಮಾರು 2,180 ಡಾಲರ್, ಟೊರಾಂಟೊದಲ್ಲಿ 1,960, ಒಟ್ಟಾವಾ ಮತ್ತು ಕ್ಯಾಲ್ಗರಿಯಲ್ಲಿ 1,700, ಎಡ್ಮಂಟನ್‌ನಲ್ಲಿ 1,400, ಮಾಂಟ್ರಿಯಲ್‌ನಲ್ಲಿ 1,100ರ ಆಸುಪಾಸು ಇತ್ತು. ಈ ಸರಾಸರಿಯಲ್ಲಿ ಹತ್ತಾರು ವರ್ಷಗಳಿಂದ ನಿಯಂತ್ರಿತ ಬಾಡಿಗೆಗೆ ಇರುವ ಹಳಬರೂ ಸೇರಿದ್ದಾರೆ. ಹೊಸಬನಿಗೆ ಖಾಲಿ ಮನೆ ಈ ದರಕ್ಕೆ ಸಿಗುವುದಿಲ್ಲ. ಸಂಬಳದ ಅಂದಾಜಿಗೆ ಕೆನಡಾ ಸರ್ಕಾರದ ಜಾಬ್ ಬ್ಯಾಂಕ್ ಎಂಬ ಸೇವೆಯು ಒಂದೊಂದು ವೃತ್ತಿಗೂ ಪ್ರದೇಶವಾರು ಗಂಟೆಯ ವೇತನ ಪ್ರಕಟಿಸುತ್ತದೆ. ಅದರಲ್ಲಿನ ಕನಿಷ್ಠ ಅಂಕಿಯನ್ನು ಹಿಡಿದು, ಆದಾಯ ತೆರಿಗೆ ಕಳೆದು, ಬಾಡಿಗೆ ಕಳೆದು, ಕಾರು ಅನಿವಾರ್ಯವಾದ ಊರಾದರೆ ಅದರ ವಿಮೆಯನ್ನೂ ಕಳೆದು ಉಳಿಯುವುದನ್ನು ಊರಿಂದೂರಿಗೆ ಹೋಲಿಸಬೇಕು.

ಮುಂಗಡದ ವಿಷಯದಲ್ಲಿ ನಮ್ಮವರಿಗೆ ಸಮಾಧಾನದ ಸುದ್ದಿಯಿದೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಪದ್ಧತಿ ಅಲ್ಲಿಲ್ಲ. ಒಂಟಾರಿಯೊದಲ್ಲಿ ಕೊನೆಯ ತಿಂಗಳ ಬಾಡಿಗೆಯನ್ನಷ್ಟೇ ಮೊದಲೇ ಕೇಳಬಹುದು. ಆಲ್ಬರ್ಟಾದಲ್ಲಿ ಒಂದು ತಿಂಗಳ, ಬ್ರಿಟಿಷ್ ಕೊಲಂಬಿಯಾದಲ್ಲಿ ಅರ್ಧ ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯುವಂತಿಲ್ಲ. ಇದಕ್ಕಿಂತ ಹೆಚ್ಚು ಹಣವನ್ನು ಮನೆ ನೋಡುವ ಮೊದಲೇ ಕಳುಹಿಸಿರೆಂದು ಕೇಳುವವನನ್ನು ನಂಬಬಾರದು. ಕ್ವಿಬೆಕ್‌ನಲ್ಲಿ ಮನೆ ಮಾಲೀಕ ಠೇವಣಿಯನ್ನೇ ಕೇಳುವಂತಿಲ್ಲ. ಆದರೆ ಅಲ್ಲಿನ ಬಾಡಿಗೆ ಕರಾರುಗಳು ಬಹುತೇಕ ಜುಲೈ 1ರಿಂದ ಜೂನ್ 30ರವರೆಗೆ ನಡೆಯುವುದರಿಂದ, ಸೆಪ್ಟೆಂಬರ್‌ನ ತರಗತಿಗೆ ಆಗಸ್ಟ್ ಕೊನೆಯಲ್ಲಿ ಬಂದಿಳಿಯುವ ವಿದ್ಯಾರ್ಥಿಗೆ ಆಯ್ಕೆ ಕಡಿಮೆ. ಮಾಂಟ್ರಿಯಲ್‌ಗೆ ಹೋಗುವವರು ಏಪ್ರಿಲ್–ಮೇ ತಿಂಗಳಲ್ಲಿಯೇ ಮನೆಯ ವಿಚಾರಣೆ ಆರಂಭಿಸುವುದು ಒಳ್ಳೆಯದು.